‘1975ರ ಅಸಲಿ ಅಕ್ಷರ’ ಅಂತ ಮಾರ್ತಾರೆ, ಹುಷಾರು

ಹಳೆಯ ಕಾಲದ ಗೂಡ್ಸ್ ವ್ಯಾಗನ್ ಮಾದರಿಗಳಿಗೆ ಅಂಟಿಸುವ ಡೆಕಾಲ್ ಹಾಳೆಯನ್ನು, ಅಂದರೆ ಅಕ್ಷರ, ನಂಬರು ಅಚ್ಚು ಹಾಕಿದ ಅಂಟುಹಾಳೆಯನ್ನು, ‘ಸಂಶೋಧನೆ ಮಾಡಿ ತಯಾರಿಸಿದ್ದು’ ಅಂತ ಯಾರಾದರೂ ಮಾರುತ್ತಿದ್ದರೆ, ದುಡ್ಡು ಕೊಡುವ ಮೊದಲು ಸ್ವಲ್ಪ ನಿಲ್ಲಿ. ನಾನು ನಿಲ್ಲಲಿಲ್ಲ. 3,600 ರೂಪಾಯಿ ಹೋಯಿತು. ಜೊತೆಗೆ ಒಂದೂವರೆ ತಿಂಗಳ ಭಾನುವಾರಗಳೂ ಹೋದವು.

ನಾನು ಮನೆಯ ಮಹಡಿಯಲ್ಲಿ ಕಟ್ಟುತ್ತಿರುವುದು ಬಂಗಾರಪೇಟೆ ಸ್ಟೇಷನ್. 1975ರ ಬಂಗಾರಪೇಟೆ. ಬೇಸಿಗೆ ರಜೆಯಲ್ಲಿ ತಾತನ ಮನೆಗೆ ಹೋದಾಗ ಗೂಡ್ಸ್ ಗಾಡಿಯ ಡಬ್ಬಿ ಎಣಿಸುವುದೇ ನಮಗೆ ಕೆಲಸ. ಆ ಕಡೆ ಕೋಲಾರಕ್ಕೆ ಹೋಗುವ ಪುಟಾಣಿ ನ್ಯಾರೋಗೇಜ್, ಈ ಕಡೆ ಜೋಲಾರಪೇಟೆಯಿಂದ ಬರುವ ಬ್ರಾಡ್‌ಗೇಜ್. ಮಾದರಿ ಎಚ್‌ಒ ಅಳತೆಯದು, ಅಂದರೆ 87ನೇ ಒಂದು ಭಾಗ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್. ಲೆಕ್ಕ ಹಾಕಿದರೆ ಹಳಿಯ ಅಗಲ 19 ಮಿಲಿಮೀಟರ್ ದಾಟಬೇಕು. ಅಂಗಡಿಯಲ್ಲಿ ಸಿಗುವುದು 16.5. ಹಳಿಯ ವಿಷಯದಲ್ಲಿ ಹೀಗೆ ಒಂದು ಸುಳ್ಳು ಆಗಲೇ ನುಂಗಿಕೊಂಡಿದ್ದೆ. ಅದಕ್ಕೇ ಅಕ್ಷರವಾದರೂ ಸರಿ ಇರಲಿ ಅಂತ ಹಟ.

ಹಟ ಹಿಡಿದರೆ ಫೋಟೋ ಬೇಕಲ್ಲ. ಅದೇ ಸಿಗುವುದಿಲ್ಲ. ಎಪ್ಪತ್ತರ ದಶಕದಲ್ಲಿ ಉಗಿಬಂಡಿ ನೋಡಲು ಇಂಗ್ಲೆಂಡಿನಿಂದ, ಜರ್ಮನಿಯಿಂದ ಜನ ಬಂದು ನಮ್ಮ ದೇಶದ ತುಂಬಾ ಫೋಟೋ ತೆಗೆದರು. ಆದರೆ ಎಲ್ಲರ ಕ್ಯಾಮೆರಾವೂ ಎಂಜಿನ್ ಕಡೆಗೇ. ಗೂಡ್ಸ್ ಎಳೆಯುವ ಡಬ್ಲ್ಯುಜಿ ಉಗಿ ಎಂಜಿನ್ನಿನ ಒಂದೊಂದು ಬೋಲ್ಟೂ ಕಾಣುತ್ತದೆ. ಅದರ ಹಿಂದಿನ ಮೊದಲ ವ್ಯಾಗನ್ ಅರ್ಧ ಹೊಗೆಯಲ್ಲಿ, ಎರಡನೆಯದು ಪೂರ್ತಿ ಮಸುಕು. ಮದುವೆ ಫೋಟೋದಲ್ಲಿ ಅಡುಗೆ ಭಟ್ಟರನ್ನು ಹುಡುಕಿದ ಹಾಗೆ.

ಆಗ ಕಣ್ಣಿಗೆ ಬಿದ್ದದ್ದು ಈ ಹಾಳೆ. ‘1975, ಬಂಗಾರಪೇಟೆ ಭಾಗ, ಆರು ಬೋಗಿ ಕವರ್ಡ್ ವ್ಯಾಗನ್‌ಗಳಿಗೆ’ ಅಂತ ಬರೆದಿತ್ತು. ಅಂದರೆ ಎಂಟು ಚಕ್ರದ ಮುಚ್ಚಿದ ಡಬ್ಬಿಗಳು. ನನಗೇ ಅಂತ ಮಾಡಿಟ್ಟ ಹಾಗಿತ್ತು! ಜೊತೆಗೆ ಎರಡು ಪುಟದ ವಿವರಣೆ. ಹನ್ನೊಂದು ಅಂಕಿಯ ನಂಬರಿನಲ್ಲಿ ಐದು ಮತ್ತು ಆರನೇ ಅಂಕಿ ವ್ಯಾಗನ್ ತಯಾರಾದ ವರ್ಷ, ನೋಡಿ 75 ಇದೆ ಅಂತ ಬೇರೆ ತೋರಿಸಿದ್ದರು. ಇಷ್ಟು ತಿಳಿದವರು ತಪ್ಪು ಮಾಡುತ್ತಾರಾ? ಆದರೂ ಸುಮ್ನೆ ನಂಬಲಿಲ್ಲ ನಾನು. ಬೇರೆ ಕಡೆ ಹುಡುಕಿದೆ. ಇದೇ ಅಕ್ಷರ, ಇದೇ ಜೋಡಣೆ ಇರುವ ಮೂರು ಚಿತ್ರ ಸಿಕ್ಕಿದವು. ಮೂರು ಕಡೆ ಒಂದೇ ರೀತಿ ಇದೆ ಅಂದಮೇಲೆ ಸರಿಯೇ ಇರಬೇಕು ಅಂದುಕೊಂಡು ತರಿಸಿದೆ.

ಆರು ವ್ಯಾಗನ್‌ಗೆ ಕೆಂಪು-ಕಂದು ಬಣ್ಣ ಹೊಡೆದೆ. ನಮ್ಮ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ಇರುತ್ತಲ್ಲ, ಸುಮಾರಾಗಿ ಆ ಬಣ್ಣ. ಡೆಕಾಲ್ ಅಂಟಿಸಿದೆ. ಮೇಲೆ ವಾರ್ನಿಶ್ ಬಳಿದೆ. ವಾರ್ನಿಶ್ ಬಿದ್ದಮೇಲೆ ಮುಗಿಯಿತು. ಅಕ್ಷರ ತೆಗೆಯಬೇಕೆಂದರೆ ಬಣ್ಣವೂ ಕಿತ್ತು ಬರುತ್ತದೆ.

ನಮ್ಮ ಬೀದಿಯಲ್ಲಿ ಟಿಎಕ್ಸ್‌ಆರ್ ಆಗಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಟಿಎಕ್ಸ್‌ಆರ್ ಅಂದರೆ ಟ್ರೈನ್ ಎಕ್ಸಾಮಿನರ್, ಯಾರ್ಡಿನಲ್ಲಿ ಸುತ್ತಿಗೆ ಹಿಡಿದು ಒಂದೊಂದೇ ವ್ಯಾಗನ್ ಪರೀಕ್ಷೆ ಮಾಡುವವರು. ಹೊಗಳುತ್ತಾರೆ ಅಂತ ಹೆಮ್ಮೆಯಿಂದ ಕರೆದುಕೊಂಡು ಬಂದೆ. ಅವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಮೊದಲು ಕೇಳಿದ್ದು, “ಇದರಲ್ಲಿ ಎನ್ ಯಾಕೆ ಇದೆ?”

ಹಾಳೆಯಲ್ಲಿ ಬಿಸಿಎನ್ ಅಂತಿತ್ತು. ಬಿ ಅಂದರೆ ಬೋಗಿ, ಸಿ ಅಂದರೆ ಕವರ್ಡ್ ಅಂತ ಗೊತ್ತಿತ್ತು. ಎನ್ ಏನೋ ಇರಬೇಕು ಅಂತ ಬಿಟ್ಟಿದ್ದೆ. ಆ ಎನ್ ಏರ್ ಬ್ರೇಕಿನ ಗುರುತು. ಮೇಲೆ ತೆರೆದಿರುವ ಬಾಕ್ಸ್‌ಎನ್, ಈ ಬಿಸಿಎನ್ ಎಲ್ಲ ಬಂದದ್ದು 1980ರ ದಶಕದಲ್ಲಿ. 1975ರಲ್ಲಿ ಅಲ್ಲಿ ಓಡುತ್ತಿದ್ದದ್ದು ವ್ಯಾಕ್ಯೂಮ್ ಬ್ರೇಕಿನ ಬಿಸಿಎಕ್ಸ್, ಜೊತೆಗೆ ನಾಲ್ಕು ಚಕ್ರದ ಸಿಆರ್‌ಟಿ.

ಆಮೇಲೆ ಯಾವ ರೈಲ್ವೆಯ ವ್ಯಾಗನ್ ಅಂತ ಹೇಳುವ ನಾಗರಿ ಅಕ್ಷರ. ‘ದ ಪ’ ಅಂತಿತ್ತು, ದಕ್ಷಿಣ ಪಶ್ಚಿಮ. ಬಂಗಾರಪೇಟೆ ಇವತ್ತು ನೈಋತ್ಯ ರೈಲ್ವೆಗೆ ಸೇರಿದ್ದು ನಿಜ. ಆದರೆ ಹುಬ್ಬಳ್ಳಿ ಕೇಂದ್ರವಾದ ಆ ವಲಯ ಶುರುವಾದದ್ದು 2003ರ ಏಪ್ರಿಲ್ 1ಕ್ಕೆ. 1975ರಲ್ಲಿ ಅದು ದಕ್ಷಿಣ ರೈಲ್ವೆ, ಬರೀ ‘ದ’. ಇದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ನಂಬರಿನ ಕಥೆ ಇನ್ನೂ ಮಜವಾಗಿದೆ. ಹನ್ನೊಂದು ಅಂಕಿಯ ಪದ್ಧತಿಯೇ 2003ರ ಸುಮಾರಿನದು. ಅದರಲ್ಲಿ ಮೊದಲ ಎರಡು ಅಂಕಿ ವ್ಯಾಗನ್ ಯಾವ ಜಾತಿ ಅಂತ ಹೇಳುತ್ತವೆ. ಮುಂದಿನ ಎರಡು ಯಾವ ರೈಲ್ವೆಯದು ಅಂತ, ಆಮೇಲಿನ ಎರಡು ತಯಾರಾದ ವರ್ಷ. ನಂತರದ ನಾಲ್ಕು ಅದರ ಸ್ವಂತ ಸಂಖ್ಯೆ. ಹನ್ನೊಂದನೆಯದು ತಾಳೆ ನೋಡುವ ಅಂಕಿ, ಯಾರೂ ಇಷ್ಟಬಂದ ಹಾಗೆ ಬರೆಯುವಂತಿಲ್ಲ. ಎರಡು, ನಾಲ್ಕು, ಆರು, ಎಂಟು, ಹತ್ತನೇ ಜಾಗದ ಅಂಕಿ ಕೂಡಿ ಮೂರರಿಂದ ಗುಣಿಸಿ. ಒಂದು, ಮೂರು, ಐದು, ಏಳು, ಒಂಬತ್ತನೇ ಜಾಗದವನ್ನು ಅದಕ್ಕೆ ಸೇರಿಸಿ. ಮೊತ್ತ ಮುಂದಿನ ಹತ್ತರ ಗುಣಕ ಮುಟ್ಟಲು ಎಷ್ಟು ಬೇಕೋ ಅದೇ ಕೊನೆಯ ಅಂಕಿ.

ನನ್ನ ಮೊದಲ ವ್ಯಾಗನ್ 31067510473. ಲೆಕ್ಕ ಹಾಕಿ: 57, ಜೊತೆಗೆ 15, ಒಟ್ಟು 72. ಎಂಬತ್ತಕ್ಕೆ 8 ಬೇಕು. ಇದ್ದದ್ದು 3. ಹಾಳೆ ಮಾಡಿದವರು ಆರು ವ್ಯಾಗನ್‌ಗೆ ಆರು ನಂಬರ್ ಬೇಕು ಅಂತ ಕೊನೆಯ ಅಂಕಿಯನ್ನೇ 3, 4, 5 ಅಂತ 8ರವರೆಗೆ ಏರಿಸಿಕೊಂಡು ಹೋಗಿದ್ದರು. ಅಂದರೆ ಆರಕ್ಕೂ ಸ್ವಂತ ಸಂಖ್ಯೆ ಒಂದೇ, 1047. ಆರನೆಯದು ಮಾತ್ರ ತಾಳೆಯಾಯಿತು, ಅದೂ ಲಾಟರಿ ಹೊಡೆದ ಹಾಗೆ.

ಹಿರಿಯರು ಭೂತಗನ್ನಡಿ ಕೇಳಿದರು. ಕೆಳಗೆ ಮೂಲೆಯಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರ ಇದ್ದವು. ಅವನ್ನು ಓದಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಅದು ಪಿಒಎಚ್ ಗುರುತು, ವ್ಯಾಗನ್ ವರ್ಕ್‌ಶಾಪಿಗೆ ಹೋಗಿ ಪೂರ್ತಿ ರಿಪೇರಿಯಾದ ದಿನ. ಇಸವಿ 2011. ಇತ್ತೀಚಿನ ಯಾವುದೋ ವ್ಯಾಗನ್ನಿನ ಫೋಟೋ ಹಿಡಿದು, ವರ್ಷದ ಜಾಗಕ್ಕೆ 75 ತುರುಕಿ, ಹಾಗೇ ಕುಗ್ಗಿಸಿ ಅಚ್ಚು ಹಾಕಿದ್ದಾರೆ.

“ಇನ್ನೊಂದು ಹೇಳ್ಲಾ?” ಅಂದರು. “ಆರೂ ಒಂದೇ ರೈಲ್ವೆಯ ವ್ಯಾಗನ್, ಸಾಲು ನಂಬರು. ಹೀಗೆ ಅಣ್ಣತಮ್ಮಂದಿರ ಹಾಗೆ ಒಟ್ಟಿಗೆ ಬಂದದ್ದು ನನ್ನ ಸರ್ವಿಸ್‌ನಲ್ಲಿ ನೋಡಿಲ್ಲ.” ಬ್ರಾಡ್‌ಗೇಜ್ ವ್ಯಾಗನ್‌ಗಳು ದೇಶಕ್ಕೆಲ್ಲ ಒಂದೇ ಪೂಲ್. ಆಗ್ನೇಯದ್ದು, ಪಶ್ಚಿಮದ್ದು, ಉತ್ತರದ್ದು ಎಲ್ಲ ಕಲಸಿಕೊಂಡು ಬರುತ್ತಿದ್ದವು. ಚಿಕ್ಕವನಾಗಿ ನಾನು ಎಣಿಸಿದ್ದೇ ಎಣಿಸಿದ್ದು, ಒಂದನ್ನೂ ಓದಿರಲಿಲ್ಲ.

ಮತ್ತೆ ಆ ಮೂರು ಚಿತ್ರ? ರಾತ್ರಿ ಕೂತು ದೊಡ್ಡದು ಮಾಡಿ ನೋಡಿದೆ. ಎರಡು ಒಂದೇ ಚಿತ್ರ, ಒಂದನ್ನು ಕತ್ತರಿಸಿ ಕಪ್ಪುಬಿಳುಪು ಮಾಡಿದ್ದಾರೆ. ಮೂರನೆಯದು ವ್ಯಾಗನ್ನೇ ಅಲ್ಲ. ಇದೇ ಹಾಳೆ ಅಂಟಿಸಿದ ಇನ್ಯಾರದೋ ಮಾದರಿ. ಚಕ್ರದ ಅಂಚು ದಪ್ಪಗಿತ್ತು, ಅದರಿಂದ ಗೊತ್ತಾಯಿತು. ಮೂರು ಸಾಕ್ಷಿ ಅಂದುಕೊಂಡಿದ್ದೆ, ಇದ್ದದ್ದು ಒಂದೇ. ಅದೂ ಆರೋಪಿಯದ್ದೇ.

ಮಾರಿದವರಿಗೆ ಬರೆದೆ. “ಇಷ್ಟು ಚಿಕ್ಕದ್ದನ್ನು ಯಾರು ಸರ್ ಓದ್ತಾರೆ? ಉಪಯೋಗಿಸಿದ ಹಾಳೆ ವಾಪಸ್ ಇಲ್ಲ” ಅಂತ ಉತ್ತರ ಬಂತು. ಕೋಪ ಬಂತು. ಆದರೆ ಹಾಳೆ ಕೈಗೆ ಬಂದ ದಿನವೇ ಭೂತಗನ್ನಡಿ ಹಿಡಿದಿದ್ದರೆ ವಾಪಸ್ ಕೇಳಬಹುದಿತ್ತು, ಅಲ್ವಾ?

ನೀವು ಕೊಳ್ಳುವುದಾದರೆ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ಇದನ್ನು ಯಾವ ಫೋಟೋ ನೋಡಿ ಮಾಡಿದಿರಿ, ಅದು ಯಾವ ಊರು, ಯಾವ ವರ್ಷ? ‘ಹಲವು ಮೂಲಗಳಿಂದ’ ಅಂದರೆ ಬಿಟ್ಟುಬಿಡಿ. ಪ್ರದರ್ಶನಕ್ಕೆ ಇಟ್ಟ ವ್ಯಾಗನ್ ತೋರಿಸಿದರೂ ಅಷ್ಟೇ. ಅಂಥವಕ್ಕೆ ಎಷ್ಟು ಸಲ ಬಣ್ಣ ಬಿದ್ದಿರುತ್ತದೋ, ಪ್ರತಿ ಸಲ ಪೇಂಟರ್ ತನಗೆ ತೋಚಿದ ಹಾಗೆ ಬರೆದಿರುತ್ತಾನೆ. ಇನ್ನೂ ಹಳೆಯ ಕಾಲದ ಕಪ್ಪುಬಿಳುಪು ಫೋಟೋ ನೋಡಿ ಬಣ್ಣ ಊಹಿಸಬೇಡಿ. ಆಗಿನ ಆರ್ಥೋಕ್ರೋಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ, ಕೆಂಪು ವ್ಯಾಗನ್ ಕಪ್ಪಗೆ ಬೀಳುತ್ತದೆ. ಮತ್ತೆ ವಾರ್ನಿಶ್ ಬಳಿಯುವ ಮೊದಲು ಒಂದೇ ವ್ಯಾಗನ್‌ಗೆ ಅಂಟಿಸಿ, ರೈಲ್ವೆಯಲ್ಲಿ ಕೆಲಸ ಮಾಡಿದ ಯಾರಿಗಾದರೂ ತೋರಿಸಿ. ಕಾಫಿ ಖರ್ಚು ಅಷ್ಟೇ.

ಆರು ವ್ಯಾಗನ್ ಎಸೆಯಲು ಮನಸ್ಸಾಗಲಿಲ್ಲ. ಹೊರಡುವಾಗ ಹಿರಿಯರು ಸೀಮೆಸುಣ್ಣ ಕೇಳಿ, ಮೊನೆ ಮಾಡಿ, ಆರರ ಮೇಲೂ ‘ಸಿಕ್’ ಅಂತ ಬರೆದರು. ಕೆಟ್ಟ ವ್ಯಾಗನ್‌ಗೆ ಯಾರ್ಡಿನಲ್ಲಿ ಹಾಗೇ ಅನ್ನುವುದು. ಈಗ ನನ್ನ ಬಂಗಾರಪೇಟೆಯ ಮೂಲೆಯಲ್ಲಿ ಒಂದು ಸಿಕ್ ಲೈನ್ ಇದೆ, ಆರೂ ಅಲ್ಲೇ ನಿಂತಿವೆ. ಇಡೀ ಸ್ಟೇಷನ್ನಿನಲ್ಲಿ 1975ಕ್ಕೆ ಸರಿಹೊಂದುವ ಕೈಬರಹ ಸದ್ಯಕ್ಕೆ ಅದೊಂದೇ.