‘1769ರ ಮೂಲ ಪಿರನೇಸಿ’ ಕೊಳ್ಳುವ ಮುನ್ನ ಫ್ರೇಮ್ ಬಿಚ್ಚಿಸಿ ನೋಡಿ

ಪೋಪ್ 13ನೇ ಕ್ಲೆಮೆಂಟ್‌ನ ಸೋದರನ ಮಗ ರೆಜ್ಜೋನಿಕೋಗಾಗಿ 18ನೇ ಶತಮಾನದ ಇಟಲಿಯ ಕಲಾವಿದ ಪಿರನೇಸಿ ರೂಪಿಸಿದ ಮೇಜಿನ ಎಚಿಂಗ್ (ಆಮ್ಲದಿಂದ ಗೆರೆ ಕೊರೆದ ತಾಮ್ರದ ಪ್ಲೇಟಿನಿಂದ ಒತ್ತಿದ ಚಿತ್ರ) ಹಾಳೆಯೊಂದು ಆನ್‌ಲೈನಿನಲ್ಲಿ ‘ರೋಮ್, 1769, ಮೂಲ’ ಎಂದು ಮಾರಾಟಕ್ಕೆ ಬಂತು. ಕೊಂಡವರು ಚಿತ್ರದ ಸುತ್ತ ಪ್ಲೇಟಿನ ಅಂಚು ಕಾಗದದಲ್ಲಿ ಬಿಟ್ಟ ಒತ್ತುಗುರುತು ನೋಡಿದರು, ಶಾಯಿಯ ಗೆರೆ ಬೆರಳಿಗೆ ತುಸು ಉಬ್ಬಾಗಿ ಸಿಕ್ಕಿತು, ಹಣ ಕೊಟ್ಟರು. ಗುರುತು, ಉಬ್ಬು ಎರಡೂ ಅಸಲಿಯೇ. ಹಾಳೆ ಮಾತ್ರ 19ನೇ ಶತಮಾನದ ಪ್ಯಾರಿಸ್ ಮುದ್ರಣ. ‘ಮೂಲ ಪ್ಲೇಟಿನಿಂದಲೇ ತೆಗೆದದ್ದಲ್ಲವೇ?’ ಎಂದು ಮಾರಿದವರು ಹಣ ಹಿಂತಿರುಗಿಸಲಿಲ್ಲ.

ಮೋಸ ನಡೆಯುವುದು ಇಲ್ಲೇ. ಪಿರನೇಸಿ 1778ರಲ್ಲಿ ತೀರಿಕೊಂಡರೂ ಅವರ ತಾಮ್ರದ ಪ್ಲೇಟುಗಳು ಉಳಿದವು. ಮಕ್ಕಳು ಅವನ್ನು ಪ್ಯಾರಿಸಿಗೆ ಒಯ್ದು ಅಚ್ಚು ಹಾಕಿಸಿದರು. 1830ರ ದಶಕದಲ್ಲಿ ಪ್ಯಾರಿಸಿನ ಫಿರ್ಮಿನ್ ದಿದೋ ಮುದ್ರಣ ಸಂಸ್ಥೆ ಮತ್ತೆ ಮುದ್ರಿಸಿತು. 1839ರಲ್ಲಿ ಪ್ಲೇಟುಗಳು ಪೋಪ್ ಸರ್ಕಾರದ ಕೈಸೇರಿ ರೋಮಿಗೆ ಮರಳಿದವು, ಅಲ್ಲೂ ಅಚ್ಚು ನಿಲ್ಲಲಿಲ್ಲ. ಹಾಗಾಗಿ ಪ್ಲೇಟು ಅಸಲಿ ಎಂಬುದರಿಂದ ಹಾಳೆಯ ವಯಸ್ಸು ಗೊತ್ತಾಗದು. ಬೆಲೆಯನ್ನು ನಿರ್ಧರಿಸುವುದು ಆ ವಯಸ್ಸೇ.

ಮೊದಲು ಕಾಗದ. ಫ್ರೇಮಿನಿಂದ ತೆಗೆಸಿ ಬೆಳಕಿಗೆ ಹಿಡಿಯಿರಿ. ಪಿರನೇಸಿಯ ಕಾಲದ ರೋಮನ್ ಹಾಳೆಯಲ್ಲಿ ಕಾಗದ ತಯಾರಿಸುವ ಅಚ್ಚಿನ ತಂತಿಗಳು ಬಿಟ್ಟ ಒತ್ತಾದ ಸಣ್ಣ ಗೆರೆಗಳೂ ಅವಕ್ಕೆ ಅಡ್ಡಲಾಗಿ ದೂರದೂರದ ಗೆರೆಗಳೂ ಕಾಣುತ್ತವೆ. ಗೆರೆಯೇ ಇಲ್ಲದ ಸಮನಾದ ಕಾಗದವಾದರೆ ‘1769’ ಎಂಬ ಮಾತನ್ನು ಬಹುಪಾಲು ಅಲ್ಲೇ ಕೈಬಿಡಬಹುದು. ಆಮೇಲೆ ನೆರಳಿನ ಜಾಗಗಳನ್ನು ಹತ್ತು ಪಟ್ಟು ಹಿಗ್ಗಿಸುವ ಲೂಪಿನಲ್ಲಿ (ಪುಟ್ಟ ಭೂತಗನ್ನಡಿ) ನೋಡಿ. ಪ್ರತಿ ಸಲ ಒರೆಸಿ ಒತ್ತಿದಾಗಲೂ ತಾಮ್ರ ಸವೆಯುತ್ತದೆ. ಮೊದಲು ಸೊರಗುವುದು ನವಿರು ಗೆರೆ, ಜೊತೆಗೇ ಮೇಜಿನ ಕೆತ್ತನೆಯ ಆಳ. ಮೇಲಿನ ಮೂಲೆಯಲ್ಲಿ ವಿನ್ಯಾಸಕ್ಕೆ ಸೇರದ ಅಂಕಿಯಿದ್ದರೆ ಅದು ತಡವಾಗಿ ಪ್ಲೇಟಿಗೆ ಸೇರಿಸಿದ್ದಾಗಿರಬಹುದು. ಕತ್ತರಿಸಿದ ಅಂಚು ಅನುಮಾನದ್ದೇ, ಏಕೆಂದರೆ ತಡವಾಗಿ ಅಚ್ಚು ಹಾಕಿದವರ ಒತ್ತುಮೊಹರು (ಶಾಯಿಯಿಲ್ಲದೆ ಒತ್ತಿದ ಮುದ್ರೆ) ಇದ್ದರೆ ಸಾಮಾನ್ಯವಾಗಿ ಅಲ್ಲೇ.

ಲೂಪಿನಲ್ಲಿ ಚುಕ್ಕಿಗಳ ಜಾಲ ಕಂಡರೆ ಚರ್ಚೆಯೇ ಬೇಡ, ಅದು ಫೋಟೋ ನಕಲು. ಕೃತಕ ಒತ್ತುಗುರುತನ್ನೂ ಹಾಕುತ್ತಾರೆ. ಒತ್ತುಗುರುತಿನ ಅಳತೆಯನ್ನು ಮ್ಯೂಸಿಯಂ ಕ್ಯಾಟಲಾಗಿನೊಂದಿಗೆ ಹೋಲಿಸಿ. ಒದ್ದೆ ಕಾಗದ ಒಣಗುವಾಗ ಕುಗ್ಗುವುದರಿಂದ ಕೆಲವು ಮಿಲಿಮೀಟರ್ ವ್ಯತ್ಯಾಸ ಸಹಜ, ಸೆಂಟಿಮೀಟರುಗಟ್ಟಲೆ ಸಹಜವಲ್ಲ. ಅತಿನೇರಳೆ ದೀಪದಡಿ ಕಾಗದ ನೀಲಿಬಿಳುಪಾಗಿ ಹೊಳೆದರೆ ಅದು 20ನೇ ಶತಮಾನದ ನಡುಭಾಗದಿಂದ ಈಚಿನದು. ಹೊಳೆಯದಿದ್ದರೆ ಹಳೆಯದೆಂದು ತಿಳಿಯಬೇಡಿ.

‘ಮೂಲ’ ಎಂಬ ಒಂದೇ ಪದವಿರುವ ಪ್ರಮಾಣಪತ್ರ ಒಪ್ಪಬೇಡಿ. ಯಾವ ಊರಿನ, ಯಾವ ಅವಧಿಯ ಮುದ್ರಣ, ಎಂಥ ಕಾಗದ, ಸುಳ್ಳಾದರೆ ಹಣ ವಾಪಸು ಎಂದು ರಸೀದಿಯಲ್ಲೇ ಬರೆಸಿ. ಬೆಳಕಿಗೆ ಹಿಡಿದ ಹಾಳೆಯ ಫೋಟೋ ಕೊಡಲು ಒಲ್ಲದವರಿಂದ ಕೊಳ್ಳಲೇಬೇಡಿ.