ಕೈಪಂಪಿನ ಕೂಲಂಟ್ ಪ್ರೆಷರ್ ಟೆಸ್ಟರ್: ಎರಡು ವರ್ಷ ಬಳಸಿದ ಮೇಲೆ

ಡಬ್ಬಿಯಲ್ಲಿ ಎಷ್ಟು ಅಡಾಪ್ಟರ್ ಇವೆ, ಮೀಟರ್ ಎಲ್ಲಿಯವರೆಗೆ ತೋರಿಸುತ್ತದೆ ಅನ್ನೋದೆಲ್ಲ ಮಾರುವವರೇ ಬರೆದಿದ್ದಾರೆ. ನಾನು ಹೇಳಬೇಕಿರುವುದು ಒಂದು ಹನಿಯ ವಿಷಯ. ಏಳು ತಿಂಗಳು ಯಾರ ಕಣ್ಣಿಗೂ ಬೀಳದ ಕೂಲಂಟಿನ, ಅಂದರೆ ಇಂಜಿನ್ ತಣ್ಣಗಿಡುವ ದ್ರವದ, ಗುಲಾಬಿ ಬಣ್ಣದ ಹನಿಯನ್ನು ಈ ಪಂಪು ಹತ್ತು ನಿಮಿಷದಲ್ಲಿ ತೋರಿಸಿಕೊಟ್ಟಿತು.

ನನ್ನದು 11 ವರ್ಷದ ಪೆಟ್ರೋಲ್ ಕಾರು, ಮಂಡ್ಯದಿಂದ ಮೈಸೂರಿಗೆ ದಿನಾ ಓಡಾಟ. ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋಗುವಾಗ ಟೆಂಪರೇಚರ್ ಮುಳ್ಳು ನಡುವಿನಲ್ಲೇ ನಿಂತಿರುತ್ತಿತ್ತು. ಸರ್ವೀಸ್ ರಸ್ತೆಗೆ ಇಳಿದು ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ ಮಾತ್ರ ಮೇಲೇರಲು ಶುರು. ಮೊದಲನೇ ಗ್ಯಾರೇಜಿನವರು, ‘ಫ್ಯಾನ್ ಮೋಟರ್ ಹೋಗೈತೆ ಕಣಣ್ಣ’ ಅಂದರು, ಬದಲಾಯಿಸಿದೆ. ಎರಡನೆಯವರು ಥರ್ಮೋಸ್ಟಾಟ್ ಅಂದರು, ಅದನ್ನೂ ಬದಲಾಯಿಸಿದೆ. ಮೂರನೆಯವರು ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ ಕೆಳಗಿನ ಸೀಲು) ಹೋಗಿದೆ, ಹೆಡ್ ಬಿಚ್ಚಬೇಕು ಅಂತ 28 ಸಾವಿರದ ಲೆಕ್ಕ ಬರೆದುಕೊಟ್ಟರು. ಅವರನ್ನೆಲ್ಲ ಮೋಸಗಾರರು ಅನ್ನಲಾರೆ. ಗಾಳಿ ಬೀಸುವಾಗ ತಣ್ಣಗಿದ್ದು ನಿಂತಾಗ ಬಿಸಿಯಾದರೆ ಯಾರಾದರೂ ಮೊದಲು ಫ್ಯಾನನ್ನೇ ನೋಡುತ್ತಾರೆ. ಆದರೆ ಹದಿನೈದು ದಿನಕ್ಕೊಮ್ಮೆ ಬಾಟಲಿಗೆ ಅರ್ಧ ಲೀಟರ್ ಕೂಲಂಟ್ ಸುರಿಯುತ್ತಿದ್ದೇನೆ ಅಂತ ಮೂರೂ ಕಡೆ ಹೇಳಿದ್ದೆ. ‘ನೆಲದ ಮೇಲೆ ಒಂದು ಹನಿಯೂ ಇಲ್ವಲ್ಲ’ ಅಂತ ಮೂರೂ ಕಡೆ ಆ ಮಾತು ಅಲ್ಲಿಗೇ ನಿಂತುಹೋಯಿತು.

ಅವ್ವನನ್ನು ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋದ ದಿನ ನನಗೆ ಗುಟ್ಟು ತಿಳಿಯಿತು. ಅರ್ಧ ಬೆಟ್ಟದಲ್ಲಿ ಮುಳ್ಳು ಕೆಂಪಿನ ಹತ್ತಿರ ಬಂತು. ಇಂಜಿನ್ನಿನ ಬಿಸಿ ಸ್ವಲ್ಪ ಹೊರಗೆ ಹೋಗಲಿ ಅಂತ ಹೀಟರ್ ಪೂರ್ತಿ ತಿರುಗಿಸಿದೆ. ತಣ್ಣನೆ ಗಾಳಿ ಬಂತು! ಇಂಜಿನ್ ಕುದಿಯುತ್ತಿರುವಾಗ ಹೀಟರಿನಿಂದ ತಣ್ಣನೆ ಗಾಳಿ ಬರುತ್ತಿದೆ ಅಂದರೆ ಅಲ್ಲಿಗೆ ಕೂಲಂಟೇ ತಲುಪುತ್ತಿಲ್ಲ. ಗಾಡಿ ಬದಿಗೆ ಹಾಕಿ, ಅವ್ವನನ್ನು ಮರದ ನೆರಳಿಗೆ ಕೂರಿಸಿ, ಮುಕ್ಕಾಲು ಗಂಟೆ ಕೂಲಂಟ್ ಬಾಟಲಿಯ ಮುಚ್ಚಳ ಮುಟ್ಟದೆ ಕಾದೆ. ಬಿಸಿ ಇರುವಾಗ ಆ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬೇಡಿ, ಮುಖ ಸುಟ್ಟುಹೋಗುತ್ತದೆ. ಆರಿದ ಮೇಲೆ ನೋಡಿದರೆ ಬಾಟಲಿ ಖಾಲಿ.

ಆ ರಾತ್ರಿಯೇ ಈ ಟೆಸ್ಟರ್ ತರಿಸಲು ಹಾಕಿದೆ. 2,600 ರೂಪಾಯಿ. ಸಂಬಳದ ದಿನ ಇನ್ನೂ ದೂರ ಇತ್ತು, ಆದರೂ 28 ಸಾವಿರದ ಮುಂದೆ ಇದು ದೊಡ್ಡದಲ್ಲ ಅನ್ನಿಸಿತು.

ಬಳಸುವುದು ಸುಲಭ. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ಅಲ್ಲಿಗೆ ಅಡಾಪ್ಟರ್ ತಿರುಗಿಸಿ ಪಂಪು ಒತ್ತಬೇಕು. ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಡಬೇಕು, ನನ್ನದರಲ್ಲಿ 1.1 ಬಾರ್. ಹೆಚ್ಚು ಕೊಟ್ಟರೆ ಚೆನ್ನಾಗಿರುವ ಪೈಪೂ ಒಡೆಯಬಹುದು. ಓಡುವ ಇಂಜಿನ್ನಿನಲ್ಲಿ ಇರುವ ಒತ್ತಡವನ್ನು ಇಲ್ಲಿ ತಣ್ಣಗಿರುವಾಗಲೇ ಕೊಡುತ್ತೇವೆ, ಇದರ ಜಾಣತನ ಇರುವುದೇ ಅಲ್ಲಿ. ಕೂದಲೆಳೆಯಷ್ಟು ಬಿರುಕು ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡುತ್ತದೆ. ಬಿಸಿ ಇಂಜಿನ್ನಿನ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ತಣ್ಣಗಿದ್ದರೆ ಹನಿ ಹನಿಯಾಗಿಯೇ ಉಳಿಯುತ್ತದೆ.

ಟೆಸ್ಟರಿನ ಮೀಟರ್ ಮುಳ್ಳು ಮೆಲ್ಲಗೆ ಇಳಿಯತೊಡಗಿತು, ಅಂದರೆ ಎಲ್ಲೋ ಸೋರುತ್ತಿದೆ. ಟಾರ್ಚ್ ಹಿಡಿದು ಬಗ್ಗಿದೆ. ಇಂಜಿನ್ನಿನ ಹಿಂಬದಿ, ಹೀಟರ್ ಪೈಪು ಸೇರುವ ಪ್ಲಾಸ್ಟಿಕ್ ಜೋಡಣೆಯ ಕೆಳಗೆ ಗುಲಾಬಿ ಬಣ್ಣದ ಒಣಪುಡಿ ಕಟ್ಟಿಕೊಂಡಿತ್ತು, ಅದರ ಮೇಲೊಂದು ಹೊಸ ಹನಿ ಮೂಡಿ ನಿಂತಿತ್ತು. ಬಚ್ಚಲಿಂದ ಕೂಗಿ ಕೇಳಿದ ಅವ್ವನಿಗೆ ‘ಸಿಕ್ತು ಕಣವ್ವಾ’ ಅಂದೆ. ಕೂಲಿ ಸೇರಿ 900 ರೂಪಾಯಿಗೆ ಕೆಲಸ ಮುಗಿಯಿತು.

ಸೋರಿದಾಗ ಕೂಲಂಟ್ ಮಾತ್ರವಲ್ಲ, ಒತ್ತಡವೂ ಹೋಗುತ್ತದೆ, ಒತ್ತಡ ಹೋದರೆ ಕೂಲಂಟ್ ಬೇಗ ಕುದಿಯುತ್ತದೆ. ಬೆಟ್ಟದ ಮೇಲೆ ಇನ್ನೂ ಬೇಗ: ಚಾಮುಂಡಿ ಬೆಟ್ಟ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರ, ಅಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಮುಟ್ಟುವ ಹೊತ್ತಿಗೇ ಕುದಿಯುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಐದು ನಕ್ಷತ್ರ ಕೊಡುತ್ತಿದ್ದೆ. ಎಂಟು ತಿಂಗಳ ನಂತರ ಒಂದು ಭಾನುವಾರ ಮುಳ್ಳು ಮತ್ತೆ ಇಳಿಯಿತು, ಹತ್ತು ನಿಮಿಷಕ್ಕೆ 1.1ರಿಂದ 0.7ಕ್ಕೆ. ಹೊರಗೆಲ್ಲೂ ಹನಿ ಇಲ್ಲ. ಹೊರಗಿಲ್ಲದಿದ್ದರೆ ಒಳಗೇ ಸೋರುತ್ತಿರಬೇಕು, ಅಂದರೆ ಆ ಹೆಡ್ ಗ್ಯಾಸ್ಕೆಟ್ಟೇ. ಡಿಪ್‌ಸ್ಟಿಕ್ ಎಳೆದು ಆಯಿಲ್ ಹಾಲು ಬೆರೆತ ಕಾಫಿಯಂತಾಗಿದೆಯಾ ನೋಡಿದೆ, ಇಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ. ಹೀಟರ್ ಒಳಗೆ ಸೋರಿದರೆ ಮುಂದಿನ ಸೀಟಿನ ಕಾರ್ಪೆಟ್ ಒದ್ದೆಯಾಗಬೇಕು, ಅದೂ ಇಲ್ಲ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೇ ದಿನ ಟೆಸ್ಟರಿನದೇ ಕಪ್ಲಿಂಗಿಗೆ, ಅಂದರೆ ಜೋಡಣೆಗೆ, ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಗುಳ್ಳೆಯಾಗಿ ಬಂತು. ಒಳಗಿನ ರಬ್ಬರ್ ರಿಂಗ್ ಸವೆದಿತ್ತು. ಹತ್ತು ರೂಪಾಯಿಯ ರಿಂಗ್! ಡಬ್ಬಿಯಲ್ಲಿ ಒಂದು ಬಿಡಿ ರಿಂಗ್ ಇಟ್ಟಿಲ್ಲ, ಕೈಪಿಡಿಯಲ್ಲಿ ಒಂದು ಸಾಲು ಬರೆದಿಲ್ಲ. ಸೋರಿಕೆ ಹಿಡಿಯುವ ಸಲಕರಣೆಯೇ ಸೋರಿದರೆ ಕೊಂಡವನು 28 ಸಾವಿರ ಕಳೆದುಕೊಳ್ಳಬಹುದು, ತಯಾರಿಸಿದವರಿಗೆ ಇದು ಗೊತ್ತಿರಬೇಕಿತ್ತು. ಈ ಸಿಟ್ಟು ಇನ್ನೂ ಇಳಿದಿಲ್ಲ.

ಆದರೂ ಇದನ್ನು ಬಿಟ್ಟಿಲ್ಲ. ತಿಂಗಳ ಮೊದಲ ಭಾನುವಾರ ಅವ್ವ ಬಾಗಿಲಿಗೆ ರಂಗೋಲಿ ಹಾಕುವ ಹೊತ್ತಿಗೆ ನಾನು ಬಾನೆಟ್ ಎತ್ತುತ್ತೇನೆ. ಬಾಟಲಿಯ ಮೇಲೆ ಮಾರ್ಕರಿನಲ್ಲಿ ಎಳೆದ ಗೆರೆ ನೋಡಿ, ಕಪ್ಲಿಂಗಿಗೆ ನೊರೆ ಹಚ್ಚಿ, ಪಂಪು ಒತ್ತಿ, ಕಾಫಿ ಕುಡಿದು ಬರುತ್ತೇನೆ. ಮುಳ್ಳು ಬಿಟ್ಟಲ್ಲೇ ನಿಂತಿದ್ದರೆ ಆ ವಾರ ಮನಸ್ಸು ಹಗುರ. ನೆಲಕ್ಕೆ ಚೆಲ್ಲಿದ್ದನ್ನು ಆಗಲೇ ಒರೆಸಿ ತೊಳೆಯುತ್ತೇನೆ. ಕೂಲಂಟ್ ಸಿಹಿಯಾಗಿರುತ್ತದೆ, ಬೀದಿ ನಾಯಿಗಳು ನೆಕ್ಕುತ್ತವೆ, ಅದು ಅವಕ್ಕೆ ವಿಷ. ಗಡಸು ಬೋರ್‌ವೆಲ್ ನೀರು ಬೆರೆಸುವುದನ್ನೂ ನಿಲ್ಲಿಸಿದ್ದೇನೆ, ಡಿಸ್ಟಿಲ್ಡ್ ವಾಟರ್ ಮಾತ್ರ.

ವಾರಂಟಿ ಇರುವ ಹೊಸ ಕಾರಿನವರಿಗೆ ಇದು ಬೇಡ. ನನ್ನ ಹಾಗೆ ಹಳೆ ಗಾಡಿ ಇಟ್ಟುಕೊಂಡು ಲೆಕ್ಕ ಹಾಕಿ ಬದುಕುವವರು ಕೊಳ್ಳಿ. ನನ್ನ ಕಡೆಯಿಂದ ನಾಲ್ಕು ನಕ್ಷತ್ರ. ಡಬ್ಬಿ ಬಂದ ದಿನವೇ ಕಪ್ಲಿಂಗಿನ ರಿಂಗ್ ಬಿಚ್ಚಿ ಅಳತೆಗೆ ಅಂಗಡಿಗೆ ಒಯ್ದು, ಅಂಥದ್ದೇ ನಾಲ್ಕು ತಂದಿಟ್ಟುಕೊಳ್ಳಿ.