ಇಂಡಿಕೇಟರ್ ರಿಪೇರಿಗೆ ಸ್ಟೀರಿಂಗ್ ಬಿಚ್ಚುತ್ತೇನೆ ಅಂದರೆ ಒಂದು ನಿಮಿಷ ತಡೆಯಿರಿ

ನನ್ನ ಕಾರಿಗೆ ಇದ್ದ ತೊಂದರೆ ಇಷ್ಟೇ: ತಿರುವು ಮುಗಿದು ಸ್ಟೀರಿಂಗ್ ನೇರವಾದರೂ ಇಂಡಿಕೇಟರ್ ತಾನಾಗಿ ಆಫ್ ಆಗುತ್ತಿರಲಿಲ್ಲ. ಅದಕ್ಕೆಂದು ಗ್ಯಾರೇಜಿಗೆ ಬಿಟ್ಟ ಕಾರು, ಇಂಡಿಕೇಟರ್ ಸರಿಮಾಡಿಸಿಕೊಂಡು ಹಾರ್ನ್ ಮತ್ತು ಏರ್‌ಬ್ಯಾಗ್ ಎರಡನ್ನೂ ಕಳೆದುಕೊಂಡು ಮನೆಗೆ ಬಂತು.

ಸ್ಟೀರಿಂಗ್ ಹಿಂದಿನ ಪ್ಲಾಸ್ಟಿಕ್ ಕವರ್ ತೆಗೆದರೆ ಕಾಂಬಿನೇಷನ್ ಸ್ವಿಚ್, ಅಂದರೆ ಇಂಡಿಕೇಟರ್ ಲಿವರ್ ಇರುವ ಸ್ವಿಚ್, ಸಿಗುತ್ತದೆ. ಅದರೊಳಗೆ ಉಗುರಿನಷ್ಟು ಗಾತ್ರದ ಪ್ಲಾಸ್ಟಿಕ್ ತುಂಡು. ಸ್ಟೀರಿಂಗ್ ವಾಪಸ್ ತಿರುಗುವಾಗ ಅದಕ್ಕೆ ತಗುಲಿ ಲಿವರ್ ನಡುವಿಗೆ ಬರುತ್ತದೆ. ಈ ತುಂಡು ಸವೆದರೂ ಮುರಿದರೂ ಸಾಮಾನ್ಯವಾಗಿ ಸ್ವಿಚ್ಚನ್ನೇ ಬದಲಿಸುತ್ತಾರೆ. ಅಲ್ಲಿಯವರೆಗೆ ಎಲ್ಲ ಸರಿ.

ಏರ್‌ಬ್ಯಾಗ್ ಇರುವ ಕಾರಿನಲ್ಲಿ ಆ ಸ್ವಿಚ್ಚಿನ ಮೇಲೆ ಕ್ಲಾಕ್ ಸ್ಪ್ರಿಂಗ್ ಅಂತ ಒಂದು ದುಂಡನೆ ಡಬ್ಬಿ ಕೂತಿರುತ್ತದೆ. ಒಳಗೆ ರಿಬ್ಬನ್ನಿನಂಥ ಚಪ್ಪಟೆ ಕೇಬಲ್ ಸುತ್ತಿರುತ್ತದೆ. ಹಾರ್ನಿಗೂ ಏರ್‌ಬ್ಯಾಗಿಗೂ ಕರೆಂಟ್ ಹೋಗುವುದು ಅದರ ಮೂಲಕವೇ. ನಡುವಿನಿಂದ ಆ ಕಡೆ ಈ ಕಡೆ ಕೆಲವೇ ಸುತ್ತು ತಿರುಗುವಷ್ಟು ಉದ್ದ ಅದಕ್ಕೆ, ಜಾಸ್ತಿ ಇಲ್ಲ.

ನಮ್ಮ ಮೆಕ್ಯಾನಿಕ್ ಬ್ಯಾಟರಿ ಟರ್ಮಿನಲ್ ಮುಟ್ಟಲೇ ಇಲ್ಲ. ನೇರ ಏರ್‌ಬ್ಯಾಗ್ ಕಿತ್ತು ಸೀಟಿನ ಮೇಲೆ ಬೋರಲು ಹಾಕಿದ. ಸ್ಟೀರಿಂಗ್ ಬಿಗಿಯಾಗಿತ್ತು, ಸುತ್ತಿಗೆ ತಂದ. ಅಪಘಾತದಲ್ಲಿ ಕುಗ್ಗಿ ಡ್ರೈವರ್ ಎದೆ ಉಳಿಸಲೆಂದು ಮಾಡಿದ ಸ್ಟೀರಿಂಗ್ ಕಾಲಮ್ಮಿಗೆ (ಸ್ಟೀರಿಂಗ್ ಕೂತಿರುವ ಕಂಬಕ್ಕೆ) ಸುತ್ತಿಗೆ ಏಟು! ಆಮೇಲೆ ಕ್ಲಾಕ್ ಸ್ಪ್ರಿಂಗ್ ಕೈಗೆ ಬಂತು. ಪಕ್ಕದವನ ಜತೆ ಮಾತಾಡುತ್ತಾ ಅದನ್ನು ಬೆರಳಲ್ಲಿ ಬುಗುರಿ ಥರ ತಿರುಗಿಸುತ್ತಿದ್ದ. ನಡುವಿಗೆ ತರದೆ ಹಾಗೇ ಕೂರಿಸಿದ.

ಹೊರಟ ಮೇಲೆ ಮೊದಲ ಯು-ಟರ್ನಿನಲ್ಲಿ ಸ್ಟೀರಿಂಗ್ ಪೂರ್ತಿ ಎಳೆದೆ. ಒಳಗೆ 'ಟಪ್' ಅಂತು, ಆ ಕೇಬಲ್ ಕಿತ್ತುಹೋಗಿತ್ತು. ಹಾರ್ನ್ ಸತ್ತಿತು, ಏರ್‌ಬ್ಯಾಗಿನ ಕೆಂಪು ದೀಪ ಹತ್ತಿಕೊಂಡಿತು. ವಾಪಸ್ ಹೋದರೆ, "ಮೊದಲೇ ಹಂಗಿತ್ತು ಸಾರ್." ಜಗಳ ಶುರುವಾದ ಮೇಲೆ, "ಬೇಕಾದ್ರೆ ಆ ಲೈಟೇ ಬರದಂಗೆ ಮಾಡಿಬಿಡ್ತೀನಿ ಬಿಡಿ." ಇದಕ್ಕೆ ಮಾತ್ರ ಯಾವತ್ತೂ ಒಪ್ಪಬೇಡಿ. ಆ ದೀಪ ಆರದೆ ಉರಿಯುತ್ತಿದ್ದರೆ ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳದೇ ಇರಬಹುದು.

ಕೊನೆಗೆ ಬೇರೆ ಕಡೆ ಹೊಸ ಕ್ಲಾಕ್ ಸ್ಪ್ರಿಂಗ್ ಹಾಕಿಸಿ, ಕಾರಿನ ಕಂಪ್ಯೂಟರಿನಲ್ಲಿ ಉಳಿದಿದ್ದ ದೋಷದ ಕೋಡನ್ನು ಸ್ಕ್ಯಾನರ್‌ನಿಂದ ಅಳಿಸಿದ ಮೇಲೆ ದೀಪ ಆರಿತು. ಇಂಡಿಕೇಟರ್ ಸ್ವಿಚ್ಚಿಗಿಂತ ಇದೇ ದುಬಾರಿ.

2019ರ ಜುಲೈನಿಂದ ಇಲ್ಲಿ ಹೊಸ ಕಾರುಗಳಿಗೆಲ್ಲ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ, ಹಾಗಾಗಿ ಈ ಪಾಡು ಯಾರಿಗೂ ಬರಬಹುದು. ಕೆಲವು ಕಾರುಗಳಲ್ಲಿ ಸ್ಟೀರಿಂಗ್ ಬಿಚ್ಚದೆಯೇ ಸ್ವಿಚ್ ಹೊರಗೆ ಬರುತ್ತದೆ, ಮೊದಲು ಅದನ್ನು ಕೇಳಿ. ಬಿಚ್ಚಲೇಬೇಕಾದರೆ ಮುಂದಿನ ಚಕ್ರ ನೇರ ಇರಲಿ, ಬ್ಯಾಟರಿ ನೆಗೆಟಿವ್ ತೆಗೆದು ಕೆಲವು ನಿಮಿಷ ಕಾಯಲಿ, ಸ್ಟೀರಿಂಗಿಗೂ ಶಾಫ್ಟಿಗೂ ಗುರುತು ಹಾಕಲಿ, ಕ್ಲಾಕ್ ಸ್ಪ್ರಿಂಗ್ ತಿರುಗದಂತೆ ಟೇಪ್ ಸುತ್ತಲಿ. ಅಂದಹಾಗೆ, ಇಂಡಿಕೇಟರ್ ಒಂದು ಕಡೆ ಮಾತ್ರ ಪಟಪಟ ಅಂತ ಬೇಗ ಮಿನುಗಿದರೆ ಸಾಮಾನ್ಯವಾಗಿ ಆ ಕಡೆಯ ಬಲ್ಬ್ ಹೋಗಿರುತ್ತದೆ, ಸ್ಟೀರಿಂಗ್ ತಂಟೆಗೆ ಹೋಗುವುದೇ ಬೇಡ.

ಗ್ಯಾರೇಜಿಗೆ ಕಾರು ಬಿಡುವ ಮುಂಚೆ ಇಗ್ನಿಷನ್ ಹಾಕಿ ಡ್ಯಾಶ್‌ಬೋರ್ಡಿನ ವಿಡಿಯೋ ತೆಗೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ದುಡ್ಡು ಕೊಡುವ ಮೊದಲು, ಗ್ಯಾರೇಜಿನ ಅಂಗಳದಲ್ಲೇ ಸ್ಟೀರಿಂಗ್ ಎಡಕ್ಕೆ, ಬಲಕ್ಕೆ ಕೊನೆತನಕ ತಿರುಗಿಸಿ ಎರಡೂ ತುದಿಯಲ್ಲಿ ಹಾರ್ನ್ ಒತ್ತಿ ನೋಡಿ.